ಬಿಲ್ವಪತ್ರಿ ಅಲುಗಿದ ಬೆಳಿಗ್ಗೆ

ನನ್ನ ಮೊಬೈಲಿನಲ್ಲಿ ನಲವತ್ತೊಂದು ಸೆಕೆಂಡಿನ ಒಂದು ವಿಡಿಯೋ ಇದೆ. ಅದರಲ್ಲಿ ಯಾರ ಮುಖವೂ ಕಾಣುವುದಿಲ್ಲ. ನನ್ನ ಹೆಂಡತಿಯ ಎಡಗೈ, ಅಂಗೈಯಲ್ಲಿ ಅವಳ ಇಷ್ಟಲಿಂಗ, ಲಿಂಗದ ಮೇಲೊಂದು ಬಿಲ್ವಪತ್ರಿ, ಇಷ್ಟೇ. ಫೋನಿನಲ್ಲಿ ಜಾಗ ಉಳಿದಿಲ್ಲವೆಂದು ಮಗಳು ಹಳೆಯದನ್ನೆಲ್ಲ ಅಳಿಸುತ್ತ ಕೂತಾಗ, ಇದೊಂದನ್ನು ಮುಟ್ಟಬೇಡ ಎಂದು ಜೋರಾಗಿಯೇ ಹೇಳಿದೆ. ಅವಳು ಹೆದರಿ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಆ ವಿಡಿಯೋವನ್ನು ನಾನು ನೋಡುವುದೂ ಇಲ್ಲ, ಅಳಿಸುವುದೂ ಇಲ್ಲ.

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಪ್ರತಿ ವರ್ಷ ಹತ್ತನೆಯ ತರಗತಿಗೆ ನರಗಳ ಪಾಠ ಮಾಡಿದ್ದೇನೆ. ಮೆದುಳಿನಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಸ್ನಾಯುವಿಗೆ ಸಂದೇಶ ಹೇಗೆ ಹೋಗುತ್ತದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ತಪ್ಪು ಹೇಳಿದವರ ಕಿವಿ ಹಿಂಡಿದ್ದೇನೆ. ಯಾವುದಕ್ಕೂ ಕಾರಣ ಕೇಳದೆ ಬಿಡುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಕಾರಣ ಹೇಳದೆ ಬಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. "ನಿಮ್ಮ ಸಾಲಿ ಐದಕ್ಕೂ ಬಿಡಂಗಿಲ್ಲೇನ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು.

ಅವಳು ಹೆಬ್ಬಳ್ಳಿಯ ಒಕ್ಕಲುತನದ ಮನೆಯವಳು. ಸಣ್ಣವಳಿದ್ದಾಗಿನಿಂದ ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ. ಬೆಂಗೇರಿಯ ನಮ್ಮ ಮನೆಯ ಒಳಕೋಣೆಯ ಕಿಟಕಿಯ ಬಳಿ ಮಣೆ ಹಾಕಿಕೊಂಡು, ಬೆಳಿಗ್ಗೆ ಆರೂವರೆಗೆ ಸರಿಯಾಗಿ ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದಳು. ನೀರು ಹನಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆಮೇಲೆ ಅರ್ಧ ಗಂಟೆ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅದನ್ನೇ ನೋಡುತ್ತ ಕೂರುವುದು. ನನಗೂ ಹುಡುಗನಾಗಿದ್ದಾಗ ದೀಕ್ಷೆಯಾಗಿತ್ತು. ಬನಿಯನ್ನಿನೊಳಗೆ ಚುಚ್ಚುತ್ತದೆ ಎಂಬ ನೆಪ ಹೇಳಿ ನನ್ನ ಕರಡಿಗೆಯನ್ನು ಎಂದೋ ತೆಗೆದು ದೇವರ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೆ. ಅವಳು ಪೂಜೆಗೆ ಕೂತಿರುವಾಗ ನಾನು ಹೊರಗಿನ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತು, "ನಿನ್ನ ದೇವರಿಗೆ ಹೇಳ, ಇಲ್ಲಿ ಚಾ ಆರಾಕತ್ತೈತಿ" ಎಂದು ಕೂಗುತ್ತಿದ್ದೆ. ಮೂವತ್ತನಾಲ್ಕು ವರ್ಷ ಹೀಗೇ ನಡೆಯಿತು.

ಅವಳ ರೊಟ್ಟಿ ನಮ್ಮ ಓಣಿಯಲ್ಲಿ ಹೆಸರುವಾಸಿ. ಕಂಪಾಸಿನಿಂದ ಬರೆದಂತೆ ದುಂಡಗೆ, ಕಾಗದದಷ್ಟು ತೆಳ್ಳಗೆ. ಆ ವಿಡಿಯೋ ತೆಗೆದ ವರ್ಷದ ಬೇಸಿಗೆಯಲ್ಲಿ ರೊಟ್ಟಿಯ ಒಂದು ಅಂಚು ದಪ್ಪವಾಗತೊಡಗಿತು. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುವುದರಲ್ಲಿ ಹಿಂದೆ ಬೀಳುತ್ತಿತ್ತು. ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು, "ಇದು ಯಾವ ದೇಶದ ನಕಾಶೆ?" ಎಂದು ಕೇಳಿದೆ. ಅವಳೂ ನಕ್ಕಳು. ಮರುದಿನ ಇನ್ನೊಂದು ದೇಶದ ಹೆಸರು ಹೇಳಿದೆ. ಎಷ್ಟೋ ದಿನ ಈ ಆಟ ನಡೆಸಿದೆ.

ಬೇರೆಯವೂ ಇದ್ದವು. ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಚ್ಚಲು ಬಾರದು. ಬಟ್ಟೆ ಒಣಹಾಕುವ ಕ್ಲಿಪ್ಪು ಎಡಗೈಯಿಂದ ಒತ್ತಲಾಗದು. ಹಿಂಬಾಗಿಲ ಬೀಗದ ಕೀಲಿ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿಯೊಂದಕ್ಕೂ ನನ್ನ ಬಳಿ ಕಾರಣ ತಯಾರಿತ್ತು. ಮುಚ್ಚಳಕ್ಕೆ ಉಪ್ಪು ಹಿಡಿದಿದೆ, ಕ್ಲಿಪ್ಪಿನ ಸ್ಪ್ರಿಂಗು ಬಿಗಿ, ಬೀಗಕ್ಕೆ ಎಣ್ಣೆ ಬೇಕು. ಬೀಗಕ್ಕೆ ಎಣ್ಣೆ ಬಿಟ್ಟೆ. ಕ್ಲಿಪ್ಪು ಹೊಸವು ತಂದೆ. ಎಲ್ಲ ಸಾಮಾನನ್ನೂ ದುರಸ್ತಿ ಮಾಡಿ ಹೆಮ್ಮೆಯಿಂದ ಕೈ ಒರೆಸಿಕೊಂಡೆ.

ಶ್ರಾವಣದ ಒಂದು ಬೆಳಿಗ್ಗೆ ಕರೆಂಟು ಹೋಗಿತ್ತು. ಕನ್ನಡಕ ಹುಡುಕುತ್ತ ಒಳಕೋಣೆಗೆ ಹೋದೆ. ಅವಳು ಕಣ್ಣು ಅರ್ಧ ಮುಚ್ಚಿ ಕೂತಿದ್ದಳು. ತೊಡೆಯ ಮೇಲೆ ಸೆರಗನ್ನು ಅಗಲವಾಗಿ ಹಾಸಿಕೊಂಡಿದ್ದಳು. ಇದೇನು ಹೊಸ ಮಡಿ ಎಂದುಕೊಂಡೆ. ಕನ್ನಡಕ ಸಿಕ್ಕಿ ಹಾಕಿಕೊಂಡು ತಿರುಗಿದಾಗ ಕಂಡಿತು: ಲಿಂಗದ ಮೇಲಿನ ಪತ್ರಿ ಅಲುಗುತ್ತಿದೆ. ಮೂರು ಎಲೆಗಳೂ ಸಣ್ಣಗೆ ನಡುಗುತ್ತವೆ, ನಿಲ್ಲುತ್ತವೆ, ಮತ್ತೆ ನಡುಗುತ್ತವೆ.

ಫ್ಯಾನು ನಿಂತಿತ್ತು. ಕಿಟಕಿಯಿಂದ ಗಾಳಿ ಇರಬೇಕೆಂದು ಸದ್ದಿಲ್ಲದೆ ಕಿಟಕಿ ಮುಚ್ಚಿದೆ. ಎಲೆ ಅಲುಗುತ್ತಲೇ ಇತ್ತು. ಅವಳ ಉಸಿರು ತಾಗುತ್ತಿರಬಹುದೆಂದು ಎದೆಯ ಏರಿಳಿತ ನೋಡಿದೆ. ಅದಕ್ಕೂ ಇದಕ್ಕೂ ತಾಳ ಕೂಡಲಿಲ್ಲ. ನನ್ನ ಉಸಿರನ್ನೂ ಹಿಡಿದು ನೋಡಿದೆ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟಂತೆಯೇ ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಹೋದೆ. ಕೊನೆಗೆ ಉಳಿದದ್ದು ಲಿಂಗ ಮತ್ತು ಕೈ. ಕೈಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಕೈ ನನಗೆ ಮೂವತ್ತನಾಲ್ಕು ವರ್ಷದಿಂದ ಗೊತ್ತಿದ್ದ ಕೈ.

ದೇವರನ್ನು ಅಣಕಿಸಿಕೊಂಡು ಬಂದ ನಾನು ಅವಳ ಪಕ್ಕದ ಬರಿ ನೆಲದ ಮೇಲೆ ಕೂತು ಕೈ ಮುಗಿದೆ. ಆಮೇಲೆ ನೆನಪಾಗಿ ಫೋನು ತೆಗೆದು ವಿಡಿಯೋ ಮಾಡಿದೆ. ಅವಳು ಕಣ್ಣು ತೆರೆದು ನನ್ನನ್ನು ಅಲ್ಲಿ ಕಂಡು ಗಾಬರಿಯಾದಳು.

"ಏನಾತ್ರಿ?"

"ಲಿಂಗ ಆಡಾಕತ್ತೈತಿ ನಿನ್ನ ಕೈಯಾಗ. ನಾ ನೋಡಿದೆ," ಎಂದೆ.

ಅವಳು ಲಿಂಗವನ್ನು ನೋಡಿದಳು, ನನ್ನ ಮುಗಿದ ಕೈ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಭಕ್ತಿ ಎಂದುಕೊಂಡೆ.

ವಿಡಿಯೋವನ್ನು ಬಂಧುಬಳಗದ ಗುಂಪಿಗೆ ಹಾಕಿದ್ದೂ ನಾನೇ. "ಶಿವ ಶಿವಾ" ಎಂದು ಒಂದರ ಹಿಂದೊಂದು ಬಂದವು, ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು. ಮಾಸ್ತರನಂಥ ಮಾಸ್ತರ ಒಪ್ಪಿದ್ದಾನೆ ಎಂದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಹೆಬ್ಬಳ್ಳಿಯಿಂದ ಅವಳ ಅಣ್ಣ ತೆಂಗಿನಕಾಯಿ, ಮಲ್ಲಿಗೆ ತಂದು ತಂಗಿಯ ಅಂಗೈಯನ್ನು ಕಣ್ಣಿಗೊತ್ತಿಕೊಂಡ. ಓಣಿಯ ಹೆಂಗಸರು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ಅವಳಿಗೆ ಇದೆಲ್ಲ ಹಿಡಿಸದೆ, "ಸಾಕ್ರಿ, ಯಾರನ್ನೂ ಕರೀಬ್ಯಾಡ್ರಿ" ಎಂದಳು. ಆಮೇಲೆ ನಾನೂ ಯಾರನ್ನೂ ಕರೆಯಲಿಲ್ಲ.

ಆದರೆ ನಾನು ಮಾತ್ರ ದಿನವೂ ಕೂತೆ. ಅಟ್ಟದಿಂದ ಇನ್ನೊಂದು ಮಣೆ ಇಳಿಸಿ ಅವಳ ಬಲಕ್ಕೆ ಹಾಕಿಕೊಂಡೆ. ಬೆಳಿಗ್ಗೆ ಎದ್ದು ನಾನೇ ಪತ್ರಿ ಕಿತ್ತು ತರುತ್ತಿದ್ದೆ. ಪೂಜೆ ಮುಗಿದ ಮೇಲೂ ಇಬ್ಬರೂ ಅಲ್ಲೇ ಕೂತು ಮಾತಾಡುತ್ತಿದ್ದೆವು. ಅವಳು ಸಣ್ಣವಳಿದ್ದಾಗ ಹೊಲದ ಬದುವಿನ ಮೇಲೆ ಕಂಡ ಹಾವು, ನನ್ನ ತಾಯಿ ಅವಳಿಗೆ ಮೊದಲ ಸಲ ಬೈದದ್ದು, ಮಗಳು ಹುಟ್ಟಿದ ದಿನ ನಾನು ಶಾಲೆ ಬಿಟ್ಟು ಬರದೆ ಇದ್ದದ್ದು. ಆ ಕೊನೆಯದನ್ನು ಅವಳು ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಸುಳ್ಳೇಕೆ ಹೇಳಲಿ, ನಮ್ಮ ಸಂಸಾರದಲ್ಲಿ ಅಷ್ಟು ಸುಖದ ಮೂರು ತಿಂಗಳು ಬೇರೆ ಇಲ್ಲ.

ದೀಪಾವಳಿಗೆ ಕುಪ್ಪಸ ಹೊಲಿಸಬೇಕಾಗಿತ್ತು. ನಮ್ಮ ಮನೆಯಿಂದ ಮೂರನೆಯ ಮನೆಯ ಹೆಣ್ಣುಮಗಳು ಹೊಲಿಗೆ ಕೆಲಸದವಳು. ಅವಳ ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ರಂಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ನಮ್ಮ ಮನೆಗೆ ಬರುತ್ತದೆ, ನಮ್ಮ ಪಂಚಮಿಯ ಉಂಡಿ ಅವರ ಮನೆಗೆ ಹೋಗುತ್ತದೆ. ಹನ್ನೆರಡು ವರ್ಷದಿಂದ ನನ್ನ ಹೆಂಡತಿಯ ಅಳತೆ ಅವಳ ಬಳಿ ಬರೆದಿಟ್ಟಿತ್ತು. ಮೈ ಇಳಿದಂತೆ ಕಾಣುತ್ತದೆ, ಮತ್ತೊಮ್ಮೆ ಅಳೆಯುತ್ತೇನೆ ಎಂದು ಟೇಪು ತೆಗೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಬಲ ತೋಳು ಅಳೆದಳು, ಎಡ ತೋಳು ಅಳೆದಳು, ಮತ್ತೆ ಬಲಕ್ಕೆ ಹೋದಳು.

"ಅಕ್ಕಾರ, ಈ ಕೈ ಯಾಕ ಸೊರಗೇತ್ರಿ?"

"ವಯಸ್ಸಾತಲ್ಲವಾ," ಎಂದಳು ನನ್ನಾಕೆ.

"ವಯಸ್ಸ ಎರಡೂ ಕೈಗೆ ಬರತೈತ್ರಿ."

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಹೆಂಡತಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸವನ್ನು ಒತ್ತಿ, "ಸರ, ಇಲ್ಲಿ ನೋಡ್ರಿ. ತೆಗ್ಗ ಬಿದ್ದೇತಿ" ಎಂದಳು.

ನನಗೆ ಸಿಟ್ಟು ಬಂತು. ಯಾಕೆ ಬಂತೆಂದು ಆಗ ತಿಳಿಯಲಿಲ್ಲ. ಆ ಕೈಯಲ್ಲಿ ಏನು ನಡೆಯುತ್ತಿದೆ ಗೊತ್ತೇ ಎಂದು ಫೋನು ತೆಗೆದು ವಿಡಿಯೋ ತೋರಿಸಿದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪೂರ್ತಿ ನೋಡಿದಳು.

"ದೇವರ ಮಾತ ನಾ ಆಡೂದಿಲ್ರಿ ಸರ," ಎಂದು ಮೆಲ್ಲಗೆ ಹೇಳಿದಳು. "ಆದ್ರ ದೇವರ ಬಂದ ಕೈ ಸೊರಗಬಾರದಲ್ರಿ. ಒಮ್ಮೆ ಡಾಕ್ಟರಿಗೆ ತೋರಸ್ರಿ."

ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಎರಡೂ ಅಂಗೈಗಳನ್ನು ಟ್ಯೂಬ್‌ಲೈಟಿನ ಕೆಳಗೆ ಜೋಡಿಸಿ ನೋಡಿದೆ. ಬಲಗೈಯ ಹೆಬ್ಬೆರಳಿನ ಬುಡ ತುಂಬಿಕೊಂಡಿತ್ತು. ಎಡಗೈಯದು ಬತ್ತಿತ್ತು. ಆ ಬತ್ತಿದ ಜಾಗದ ಚರ್ಮದ ಅಡಿಯಲ್ಲಿ ಏನೋ ಮಿಡಿಯುತ್ತಿತ್ತು. ಲಿಂಗ ಆಗ ಕರಡಿಗೆಯಲ್ಲಿ, ಅವಳ ಕೊರಳಲ್ಲಿತ್ತು. ಅಂಗೈ ಖಾಲಿಯಿತ್ತು.

ಅಲ್ಲಿಂದ ಕಾರಣ ಹುಡುಕುವ ಕೆಲಸ ಶುರುವಾಯಿತು. ನಮ್ಮ ಓಣಿಯ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇಲ್ಲ, ಥೈರಾಯ್ಡ್ ಸರಿ ಇದೆ, ಬಿ-ಹನ್ನೆರಡು ಕಡಿಮೆ. ಮಾಂಸ ಮೊಟ್ಟೆ ತಿನ್ನದವರಲ್ಲಿ ಇದು ಸಾಮಾನ್ಯ, ಇದರಿಂದಲೂ ನರ ಬಲಹೀನವಾಗುತ್ತವೆ ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ದಿನ ಬಿಟ್ಟು ದಿನ ಇಂಜೆಕ್ಷನ್. ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಪ್ರತಿ ಇಂಜೆಕ್ಷನ್ನಿನ ಮರುದಿನ ಒಂದು ನೀರಿನ ಬಾಟ್ಲಿ ಕೊಟ್ಟು ಮುಚ್ಚಳ ತೆಗೆ ಎನ್ನುತ್ತಿದ್ದೆ. ರಕ್ತದಲ್ಲಿ ಬಿ-ಹನ್ನೆರಡು ಏರಿತು, ಮುಚ್ಚಳ ಬಿಚ್ಚಲಿಲ್ಲ.

ಎಲುಬಿನ ಡಾಕ್ಟರರು ಕುತ್ತಿಗೆಯ ಸ್ಕ್ಯಾನ್ ಮಾಡಿಸಿದರು. ಕುತ್ತಿಗೆಯ ಎಲುಬು ಸವೆದಿತ್ತು. ಅಲ್ಲಿ ನರ ಒತ್ತಿದರೂ ಕೈ ಸೋಲಬಹುದು, ಸ್ನಾಯು ಅದುರಬಹುದು. ಮತ್ತೆ ಸಂತೋಷ. ಕೊರಳಿಗೆ ಪಟ್ಟಿ ಬಂತು. ಕರಡಿಗೆಯ ದಾರ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆರು ವಾರವಾದರೂ ಏನೂ ಬದಲಾಗದಿದ್ದಾಗ, ಮಣಿಕಟ್ಟಿನಲ್ಲಿ ನರ ಹಿಸುಕಿರಬಹುದು, ರೊಟ್ಟಿ ಬಡಿಯುವವರಿಗೆ ಹಾಗಾಗುತ್ತದೆ ಎಂದು ಯಾರೋ ಅಂದರು. ಅದನ್ನೂ ನಂಬಿದೆ. ಆದರೆ ಅಲ್ಲಿ ನರ ಹಿಸುಕಿದರೆ ಬೆರಳು ಜೋಮು ಹಿಡಿಯಬೇಕು, ಜುಮುಗುಡಬೇಕು. ಅವಳಿಗೆ ಜೋಮಿಲ್ಲ, ಉರಿಯಿಲ್ಲ, ನೋವಿಲ್ಲ. "ನೋವಿಲ್ಲ, ಅದs ಛಲೋ" ಎಂದು ನಾನು ಎಲ್ಲರಿಗೂ ಫೋನಿನಲ್ಲಿ ಹೇಳುತ್ತಿದ್ದೆ.

ಆ ದಿನಗಳಲ್ಲಿ ನಾನು ಬೇಡಿಕೊಂಡದ್ದನ್ನು ಯಾವ ಗಂಡನೂ ಹೆಂಡತಿಗಾಗಿ ಬೇಡಿಕೊಂಡಿರಲಿಕ್ಕಿಲ್ಲ. ಅವಳ ಕುತ್ತಿಗೆಯ ಎಲುಬು ಕೆಟ್ಟಿರಲಿ, ಆಪರೇಶನ್ ಆಗಲಿ, ಮಣಿಕಟ್ಟು ಕೊಯ್ಯಲಿ, ಸಕ್ಕರೆ ಬೇಕಾದರೂ ಬರಲಿ. ಪುಸ್ತಕದಲ್ಲಿ ಓದಿಕೊಂಡಿದ್ದ ಆ ಒಂದು ದೊಡ್ಡದು ಬೇಡ, ಸಣ್ಣ ರೋಗ ಯಾವುದಾದರೂ ಕೊಡು. ಮಣೆಯ ಮೇಲೆ ಅವಳ ಪಕ್ಕ ಕೂತು, ಅದೇ ಅಂಗೈಯನ್ನು ನೋಡುತ್ತ, ಇದನ್ನು ಬೇಡುತ್ತಿದ್ದೆ.

ಯುಗಾದಿಯ ಮುಂದಿನ ವಾರ ನರರೋಗದ ದೊಡ್ಡ ಡಾಕ್ಟರರ ಬಳಿ ಹೋದೆವು. ಧಾರವಾಡದಲ್ಲಿ ಶಿಕ್ಷಕಿಯಾಗಿರುವ ಮಗಳು ರಜೆ ಹಾಕಿ ಬಂದಿದ್ದಳು. ಡಾಕ್ಟರರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಒದ್ದಂತೆ ಮೇಲೆದ್ದಿತು. ಎಡಗೈಯ ಬೆರಳು ಬೆರಳನ್ನೂ ಒತ್ತಿ ನೋಡಿದರು. ಅಂಗಾಲಿನಲ್ಲಿ ಗೆರೆ ಎಳೆದರು.

"ನಾಲಿಗಿ ಹೊರಗ ಹಾಕ್ರಿ ಅಮ್ಮಾರ. ಹಾಂ. ಈಗ ಒಳಗs ಇಟ್ಕೊಂಡ ಬರೇ ಬಾಯಿ ತಗೀರಿ."

ಬಾಯೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಕೈಯ ರೋಗಕ್ಕೆ ನಾಲಿಗೆ ಅದುರುತ್ತದೆಯೇ ಎಂದು ಏಕೆ ನೋಡುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

"ಇದು ಯಾವಾಗ ಶುರುವಾತ್ರಿ ಸರ?"

"ದೀಪಾವಳಿ ಸುಮಾರಿಗೆ," ಎಂದೆ. ಹೆಂಡತಿ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಮಗಳು, "ಅಪ್ಪಾ, ಆ ವಿಡಿಯೋ ಶ್ರಾವಣದ್ದಲ್ಲಾ?" ಎಂದಳು.

ಫೋನು ತೆಗೆದು ಮೇಜಿನ ಮೇಲೆ ಇಟ್ಟೆ. ಡಾಕ್ಟರರು ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು. ಎರಡನೆಯ ಸಲ ಅವರು ಪತ್ರಿಯನ್ನಾಗಲಿ ಲಿಂಗವನ್ನಾಗಲಿ ನೋಡುತ್ತಿರಲಿಲ್ಲ, ಬೆರಳಿನಿಂದ ಪರದೆ ಹಿಗ್ಗಿಸಿ ಹೆಬ್ಬೆರಳಿನ ಬುಡವನ್ನು ನೋಡುತ್ತಿದ್ದರು. ನಾನೂ ಬಾಗಿ ನೋಡಿದೆ. ಅಷ್ಟು ಸಲ ನೋಡಿದ್ದ ವಿಡಿಯೋದಲ್ಲಿ ಚರ್ಮದ ಅಡಿಯ ಆ ಮಿಡಿತ ಎಷ್ಟು ಸ್ಪಷ್ಟವಾಗಿತ್ತು. ಮೊದಲು ಮಾಂಸ ಅದುರುತ್ತದೆ, ಹೆಬ್ಬೆರಳು ಕೂದಲೆಳೆಯಷ್ಟು ಸರಿಯುತ್ತದೆ, ಲಿಂಗಕ್ಕೆ ತಾಗುತ್ತದೆ, ಆಮೇಲೆ ಪತ್ರಿ ಅಲುಗುತ್ತದೆ. ಕಾರಣ, ಪರಿಣಾಮ. ಎಂಟನೆಯ ತರಗತಿಯ ಹುಡುಗನೂ ಹೇಳಿಬಿಡುತ್ತಿದ್ದ.

"ತಗದಿದ್ದ ಛಲೋ ಆತ್ರಿ," ಎಂದರು ಡಾಕ್ಟರರು. "ಆವಾಗs ನಿಮಗ ಸಂಶೆ ಬಂದಿತ್ತೇನ್ರಿ?"

ನನ್ನ ಪರವಾಗಿ ಅವಳೇ ಉತ್ತರ ಕೊಟ್ಟಳು.

"ಹೌದ್ರಿ. ಮೊದಲ ಅವರಿಗೇ ಸಂಶೆ ಬಂತ್ರಿ. ಅವರು ವಿಜ್ಞಾನದ ಮಾಸ್ತರ ಅದಾರ್ರಿ."

ಮಗಳು ಮುಖ ಆಚೆ ತಿರುಗಿಸಿದಳು. ನಾನು ಅಂದು ಆ ಕುರ್ಚಿಯಲ್ಲಿ ಕುಗ್ಗಿದಷ್ಟು ಜೀವಮಾನದಲ್ಲಿ ಕುಗ್ಗಿರಲಿಲ್ಲ.

ಸ್ನಾಯುವಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸುವ ಪರೀಕ್ಷೆಯೂ ಆಯಿತು. ಕೈ ಸುಮ್ಮನೆ ಇಟ್ಟಿದ್ದರೂ ಯಂತ್ರದಿಂದ ತಗಡಿನ ಮೇಲೆ ಮಳೆ ಹನಿ ಬಿದ್ದಂಥ ಸದ್ದು ಬರುತ್ತಿತ್ತು. ಕಾಲಿಗೆ ಚುಚ್ಚಿದರೂ ಅದೇ ಸದ್ದು. ಎರಡು ವಾರದ ಮೇಲೆ ಡಾಕ್ಟರರು ನನ್ನನ್ನೂ ಮಗಳನ್ನೂ ಒಳಗೆ ಕರೆದರು. ಮೋಟಾರ್ ನ್ಯೂರಾನ್ ಕಾಯಿಲೆ. ನನ್ನ ಪಾಠದ ಚಿತ್ರದಲ್ಲಿ ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ಆ ಕೆಂಪು ಗೆರೆಗಳು, ಅವು ಒಂದೊಂದಾಗಿ ಸಾಯುತ್ತಿವೆ. ಸಾಯುವ ಮುಂಚೆ ಸ್ನಾಯುವನ್ನು ಅದುರಿಸುತ್ತವೆ. ಕೈ ಆದಮೇಲೆ ಕಾಲು, ಆಮೇಲೆ ಮಾತು, ನುಂಗುವುದು, ಉಸಿರು. ಬುದ್ಧಿ ಬಹಳ ಮಂದಿಗೆ ಕೊನೆಯವರೆಗೂ ನೆಟ್ಟಗೇ ಇರುತ್ತದೆ ಎಂದರು.

"ಎಂಟ ತಿಂಗಳ ಮೊದಲs ಬಂದಿದ್ರ?" ಎಂದು ಕೇಳಿದೆ.

"ರೋಗ ನಿಲ್ಲತಿರಲಿಲ್ರಿ. ಗೊತ್ತಾಗೂದು ಸ್ವಲ್ಪ ಮೊದಲ ಗೊತ್ತಾಗತಿತ್ತು, ಅಷ್ಟ."

ಅದು ಸಮಾಧಾನದ ಮಾತು ಎಂದು ಗೊತ್ತು. ಸಮಾಧಾನ ಆಗಲಿಲ್ಲ. ಎದ್ದು ಹೊರಡುವಾಗ ನನಗೇ ನಾಚಿಕೆಯಾಗುವಂಥ ಇನ್ನೊಂದು ಮಾತು ಕೇಳಿದೆ. ಹದಿನೈದು ದಿನದಿಂದ ನನ್ನ ಮೀನಖಂಡವೂ ಅದುರುತ್ತಿತ್ತು. ಅವರು ನನ್ನ ಕಾಲು ಒತ್ತಿ ನೋಡಿ, ಇದು ಏನೂ ಅಲ್ಲ, ನಿದ್ದೆಗೆಟ್ಟವರಿಗೆ, ಚಹಾ ಹೆಚ್ಚು ಕುಡಿಯುವವರಿಗೆ, ಚಿಂತೆ ಮಾಡುವವರಿಗೆ ಹೀಗಾಗುತ್ತದೆ, ಬಲ ಕುಗ್ಗದೆ, ಮಾಂಸ ಸೊರಗದೆ ಬರೀ ಅದುರಿದರೆ ಹೆದರಬೇಕಾಗಿಲ್ಲ ಎಂದರು. ನನಗೆ ಹಗುರವಾಯಿತು. ಹಗುರವಾದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು.

ಅವಳಿಗೆ ಏನೆಂದು ಹೇಳಬೇಕು ಎಂದು ನಾನೂ ಮಗಳೂ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆವು. ಅವಳು ಕೇಳಲೇ ಇಲ್ಲ. "ಊಟಾ ಮಾಡೀರೇನು?" ಎಂದಳು.

ದಸರಾ ಹೊತ್ತಿಗೆ ಎಡಗೈ ಪೂರ್ತಿ ಸೋತು ಬಲಗೈಯೂ ಅದರ ಹಿಂದೆ ಹೊರಟಿತ್ತು. ರೊಟ್ಟಿ ಖಾನಾವಳಿಯಿಂದ ಬರುತ್ತಿತ್ತು, ಎಲ್ಲವೂ ದುಂಡಗೆ, ಒಂದೇ ಅಳತೆ. ಅವುಗಳನ್ನು ಮುರಿದು ಹಾಲಿನಲ್ಲಿ ನೆನೆಸಿ ನಾನೇ ಉಣಿಸುತ್ತಿದ್ದೆ. ಹೊಲಿಗೆಯ ಹೆಣ್ಣುಮಗಳು ದಿನಾ ಮಧ್ಯಾಹ್ನ ಬಂದು ತಲೆ ಬಾಚಿ ಹೆರಳು ಹಾಕಿ ಹೋಗುತ್ತಿದ್ದಳು. ಕುಪ್ಪಸದ ಹುಕ್ಕುಗಳನ್ನೆಲ್ಲ ಬಿಚ್ಚಿ ಅವಳೇ ಅಂಟುಪಟ್ಟಿ ಹೊಲಿದುಕೊಟ್ಟಿದ್ದಳು.

ಪೂಜೆಯೇ ದೊಡ್ಡ ಕಷ್ಟವಾಯಿತು. ಲಿಂಗ ಅಂಗೈಯಲ್ಲಿ ನಿಲ್ಲುತ್ತಿರಲಿಲ್ಲ. ತಟ್ಟೆಯಲ್ಲಿಟ್ಟು ಪೂಜೆ ಮಾಡು ಎಂದರೆ ಅವಳು ಒಪ್ಪಲಿಲ್ಲ. ಒಂದು ಬೆಳಿಗ್ಗೆ ನಾನು ಅವಳ ಎಡಕ್ಕೆ ಬಂದು ಕೂತು, ನನ್ನ ಅಂಗೈಯನ್ನು ಅವಳ ಅಂಗೈಯ ಕೆಳಗೆ ಇಟ್ಟೆ. ನನ್ನ ಕೈ ಕೆಳಗೆ, ಅವಳ ಕೈ ಮೇಲೆ, ಅದರ ಮೇಲೆ ಲಿಂಗ. ಪತ್ರಿ ಏರಿಸಿದೆ. ಅವಳ ಕೈಯ ಅಡಿಯಲ್ಲಿ ಆ ಮಿಡಿತ ನನ್ನ ಅಂಗೈಗೆ ತಾಗಿತು. ಚರ್ಮದ ಕೆಳಗೆ ಹುಳು ಹರಿದಂತೆ. ಇದಕ್ಕೇ ನಾನು ಕೈ ಮುಗಿದಿದ್ದೆ.

ಆಗ ಅವಳ ಮಾತು ಇನ್ನೂ ತಿಳಿಯುತ್ತಿತ್ತು, ಆದರೆ ನಿಧಾನ.

"ನಿಮಗೊಂದ ಮಾತ ಹೇಳಬೇಕಿತ್ರಿ," ಎಂದಳು. "ನೀವು ವಿಡಿಯೋ ತಗದ್ರಲಾ. ಅದಕ್ಕೂ ಎಂಟ ದಿನಾ ಮೊದಲ ಲಿಂಗ ಕೈಯಾಗಿಂದ ಜಾರಿ ಬಿದ್ದಿತ್ರಿ. ಉಡ್ಯಾಗ."

ತೊಡೆಯ ಮೇಲೆ ಹಾಸಿಕೊಂಡಿದ್ದ ಸೆರಗು ನನಗೆ ನೆನಪಾಯಿತು. ಲಿಂಗ ಕೈಜಾರಿ ಬೀಳುವುದೆಂದರೆ ಅವಳ ಮನೆತನದಲ್ಲಿ ಸಣ್ಣ ಮಾತಲ್ಲ. ಅವಳ ಅಜ್ಜಿ ಹಾಗಾದಾಗ ಮೂರು ದಿನ ನೀರು ಮುಟ್ಟಿರಲಿಲ್ಲವಂತೆ.

"ಯಾಕ ಹೇಳಲಿಲ್ಲ?"

"ಅಂಜಿದ್ದೆ. ಅಪಚಾರ ಆತು ಅಂತ ಸೋಮವಾರ ಒಪ್ಪತ್ತ ಮಾಡಿದೆ. ಕೈಯಾಗ ಬಲ ಇಲ್ಲನ್ನೂದು ನನಗ ಗೊತ್ತಾಗಿತ್ತು. ನಿಮಗ ಹೇಳಬೇಕಂತs ಇದ್ದೆ." ಉಸಿರು ತಂದುಕೊಂಡಳು. "ಅಷ್ಟರಾಗ ನೀವು ಬಂದು ಬಾಜೂಕ ಕುಂತ್ರಿ. ಮೂವತ್ನಾಕ ವರ್ಷದಾಗ ಒಂದ ದಿನಾನೂ ಕುಂತಿರಲಿಲ್ಲ. ಲಿಂಗ ಅಲ್ರಿ, ನನ್ನ ಕೈ ನಡಗತೈತಿ ಅಂದಿದ್ರ ನೀವು ಎದ್ದ ಹೋಗತಿದ್ರಿ. ಇನ್ನ ನಾಕ ದಿನಾ ಕುಂಡರಲಿ ಅನಸ್ತು."

"ನಾ ಎದ್ದ ಹೋಗತಿರಲಿಲ್ಲ," ಎಂದೆ.

ಅವಳು ನಕ್ಕಳು. ಮುಖದ ಒಂದು ಬದಿ ಮಾತ್ರ ನಕ್ಕಿತು. "ಹೋಗತಿದ್ರಿ," ಎಂದಳು.

ನಾನು ಅತ್ತೆ. ಅವಳ ಕೈ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಅಂದಿನಿಂದ ಹತ್ತು ತಿಂಗಳು ಪ್ರತಿ ಬೆಳಿಗ್ಗೆ ಅವಳ ಕೈಯ ಕೆಳಗೆ ನನ್ನ ಕೈ ಇಟ್ಟು ಪೂಜೆ ಮಾಡಿಸಿದೆ. ಮಾತು ಹೋದ ಮೇಲೂ ಮಾಡಿಸಿದೆ. ಮಂಚದಿಂದ ಏಳಲಾಗದೆ ಹೋದ ಮೇಲೆ ಮಂಚದ ಪಕ್ಕಕ್ಕೇ ಮಣೆ ಎಳೆದುಕೊಂಡೆ. ಮಿಡಿತ ವಾರ ವಾರಕ್ಕೂ ಕಡಿಮೆಯಾಗುತ್ತ ಬಂತು. ಅದುರಲು ಅಲ್ಲಿ ಮಾಂಸವೇ ಉಳಿದಿರಲಿಲ್ಲ.

ಅವಳು ಹೋದದ್ದು ಮತ್ತೆ ಶ್ರಾವಣದಲ್ಲೇ, ಹಗಲು ಹನ್ನೊಂದರ ಹೊತ್ತಿಗೆ, ನಾನು ಹಾಲು ಬಿಸಿ ಮಾಡಲು ಒಳಗೆ ಹೋಗಿದ್ದಾಗ. ಹೆಬ್ಬಳ್ಳಿಯಲ್ಲಿ ಅವಳ ಅಣ್ಣನ ಹೊಲದಲ್ಲಿ ಮಣ್ಣು ಮಾಡಿದೆವು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಎಡ ಅಂಗೈಯಲ್ಲಿ ಅವರವರ ಲಿಂಗವನ್ನು ಇಡುತ್ತಾರೆ. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಲಿಂಗವನ್ನಿಟ್ಟರು, ಅದು ವಾಲಿತು. ಬೆರಳುಗಳನ್ನು ಮಡಿಸಿದರು, ಅವು ತೆರೆದುಕೊಂಡವು. "ದಾರ ಕಟ್ಟೂಣೇನ್ರಿ?" ಎಂದು ನನ್ನನ್ನು ಕೇಳಿದರು. ನಾನು ಕುಣಿಯೊಳಗೆ ಇಳಿದು ಅವಳ ಕೈಯ ಕೆಳಗೆ ನನ್ನ ಕೈ ಇಟ್ಟೆ. ಲಿಂಗ ನೆಟ್ಟಗೆ ನಿಂತಿತು. ಮೇಲೆ ಪತ್ರಿ ಏರಿಸಿದರು. ಗಾಳಿ ಬೀಸುತ್ತಿತ್ತು, ಕುಣಿಯ ಒಳಗೆ ತಾಗುತ್ತಿರಲಿಲ್ಲ. ಪತ್ರಿಯನ್ನೇ ನೋಡುತ್ತ ಬಹಳ ಹೊತ್ತು ನಿಂತೆನಂತೆ. ಕೊನೆಗೆ ಅವಳ ಅಣ್ಣ ಇಳಿದು ದಾರ ಕಟ್ಟಿ, ನನ್ನ ಕೈ ಬಿಡಿಸಿ ಮೇಲಕ್ಕೆ ಕರೆದುಕೊಂಡ.

ಇದಾಗಿ ವರ್ಷ ಕಳೆದಿದೆ. ದೇವರ ಕಪಾಟಿನಿಂದ ನನ್ನ ಕರಡಿಗೆಯನ್ನು ತೆಗೆದಿದ್ದೇನೆ. ಬೆಳಿಗ್ಗೆ ಆರೂವರೆಗೆ ಎರಡೂ ಮಣೆ ಹಾಕಿ, ನನ್ನದರ ಮೇಲೆ ನಾನು ಕೂರುತ್ತೇನೆ. ದೇವರನ್ನು ನಂಬುತ್ತೇನೆಯೇ ಎಂದು ಮಗಳು ಕೇಳಿದಳು. ನನಗೆ ಗೊತ್ತಿಲ್ಲ. ನನ್ನ ಕೈ ಗಟ್ಟಿಯಾಗಿದೆ, ಪತ್ರಿ ಅಲುಗುವುದಿಲ್ಲ. ನೀನು ಅಂದೇ ಹೇಳಿದ್ದರೂ ನಾನು ಎದ್ದು ಹೋಗುತ್ತಿರಲಿಲ್ಲ ಎಂದು ಪಕ್ಕದ ಮಣೆಗೆ ಹೇಳಲು ದಿನವೂ ಬಾಯಿ ತೆರೆಯುತ್ತೇನೆ. ಅದು ಸುಳ್ಳು. ಆಸ್ಪತ್ರೆಗೆ ಚೀಟಿ ಬರೆಸಿಕೊಟ್ಟು, ಹತ್ತು ಕಾರಣ ಹೇಳಿ, ಕಟ್ಟೆಯ ಮೇಲೆ ಪೇಪರು ಓದಲು ಹೋಗುತ್ತಿದ್ದೆ. ಅವಳಿಗೆ ನಾನು ಗೊತ್ತಿದ್ದೆ.

ಹೊರಗೆ ಕಟ್ಟೆಯ ಮೇಲೆ ನಾನೇ ಮಾಡಿಟ್ಟ ಚಹಾ ಆರುತ್ತಿರುತ್ತದೆ. ನಾನು ಎದ್ದು ಹೋಗುವುದಿಲ್ಲ.